ಅಮ್ಮನ ಕೈಯಿಂದ ಪೂರೈಕೆಯಾಗುವ ಅಗತ್ಯಗಳು

ಭ್ರಮೆ ಹುಟ್ಟಿಸುವ, ಇಲ್ಲದ ಧ್ವನಿ ಕೇಳಿಸುವ ತೀವ್ರ ಮಾನಸಿಕ ಕಾಯಿಲೆಯಾದ ಸ್ಕಿಜೋಫ್ರೇನಿಯಾ ಇರುವ ವ್ಯಕ್ತಿಯೊಬ್ಬರು ತಿಂಗಳ ತಪಾಸಣೆಗೆಂದು ಹೊರರೋಗಿ ವಿಭಾಗಕ್ಕೆ ಬಂದಾಗ ಅವರಿಗೆ ಎದುರಾಗುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ನಿದ್ದೆ ಬರುತ್ತದೆಯೇ, ಕಿವಿಯಲ್ಲಿ ಮಾತು ಕೇಳಿಸುವುದು ಕಡಿಮೆಯಾಗಿದೆಯೇ, ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆಯೇ. ಮೂರನೆಯದನ್ನು ಹೆಚ್ಚಾಗಿ ಪಕ್ಕದಲ್ಲಿ ಕುಳಿತ ತಾಯಿಯನ್ನೋ ಅಕ್ಕನನ್ನೋ ಕೇಳಲಾಗುತ್ತದೆ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿರುವಾಗ ಇದಕ್ಕಿಂತ ಹೆಚ್ಚು ಕೇಳಲು ವೈದ್ಯರಿಗೆ ಬಿಡುವಿರುವುದಿಲ್ಲ. ಅದು ಅವರ ತಪ್ಪೂ ಅಲ್ಲ. ಆದರೆ ಉಡುಪಿ ಮತ್ತು ಮಂಗಳೂರಿನ ಆಸುಪಾಸಿನಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ದುಡಿಯುತ್ತಾ ಬಂದ ನನಗೆ, ಈ ಮೂರು ಉತ್ತರಗಳಷ್ಟೇ ತುಂಬಿದ ದಪ್ಪ ದಪ್ಪ ಫೈಲುಗಳನ್ನು ತಿರುವಿ ಹಾಕುವಾಗಲೆಲ್ಲ, ಆ ವ್ಯಕ್ತಿ ಬೆಳಿಗ್ಗೆ ಎದ್ದು ರಾತ್ರಿ ಮಲಗುವವರೆಗೆ ಬದುಕುವುದು ಹೇಗೆ, ಯಾರ ಬಲದ ಮೇಲೆ ಎಂಬ ಒಂದು ಸಾಲೂ ಅಲ್ಲಿ ಸಿಗುವುದಿಲ್ಲವಲ್ಲ ಅನ್ನಿಸಿದೆ.

ರೋಗಲಕ್ಷಣ, ವೈಕಲ್ಯ, ಅಗತ್ಯ: ಈ ಮೂರನ್ನು ನಾವು ಒಂದೇ ಎಂಬಂತೆ ಮಾತಾಡುತ್ತೇವೆ, ಆದರೆ ಅವುಗಳನ್ನು ಅಳೆಯುವ ಕಾಗದಗಳೇ ಬೇರೆ ಬೇರೆ. ಲಕ್ಷಣಗಳ ತೀವ್ರತೆಯನ್ನು ಅಳೆಯಲು 1987ರಲ್ಲಿ ಪ್ರಕಟವಾದ, 30 ಅಂಶಗಳ ‘ಪ್ಯಾನ್ಸ್’ ಮಾಪನವಿದೆ. ವೈಕಲ್ಯದ ಪ್ರಮಾಣಪತ್ರಕ್ಕಾಗಿ ಭಾರತೀಯ ಮನೋವೈದ್ಯಕೀಯ ಸಂಘ ರೂಪಿಸಿದ ‘ಐಡಿಯಾಸ್’ ಇದೆ. ಅದು ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಭಾಗಗಳಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತದೆ, ಕಾಯಿಲೆಯ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಗತ್ಯಗಳ ಮಟ್ಟಿಗೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿಯಲ್ಲಿ ಸಿದ್ಧವಾಗಿ 1995ರಲ್ಲಿ ಪ್ರಕಟವಾದ ಕ್ಯಾಂಬರ್‌ವೆಲ್ ಅಗತ್ಯ ಮಾಪನ. ಪ್ಯಾನ್ಸ್‌ನಲ್ಲಿ ಒಂದೇ ಅಂಕ ಪಡೆದ ಇಬ್ಬರಲ್ಲಿ ಒಬ್ಬರು ಕುಂದಾಪುರದ ಕಡೆ ಅಣ್ಣ-ಅತ್ತಿಗೆಯರಿರುವ ತೋಟದ ಮನೆಯಲ್ಲಿದ್ದು, ಇನ್ನೊಬ್ಬರು ಮಂಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿದ್ದರೆ, ಇಬ್ಬರಿಗೂ ಒಂದೇ ಔಷಧಿ ಬರೆಯಬಹುದು, ಒಂದೇ ಆರೈಕೆಯ ಯೋಜನೆ ಮಾತ್ರ ಬರೆಯಲಾಗದು.

ಕ್ಯಾಂಬರ್‌ವೆಲ್ ಮಾಪನದಲ್ಲಿ 22 ಕ್ಷೇತ್ರಗಳಿವೆ. ವಸತಿ, ಊಟ, ಮನೆ ನೋಡಿಕೊಳ್ಳುವುದು, ಸ್ವಂತ ಶುಚಿತ್ವ, ಹಗಲಿನ ಚಟುವಟಿಕೆ, ದೈಹಿಕ ಆರೋಗ್ಯ, ಮಾನಸಿಕ ಲಕ್ಷಣಗಳು, ಕಾಯಿಲೆ ಮತ್ತು ಚಿಕಿತ್ಸೆಯ ಬಗ್ಗೆ ಮಾಹಿತಿ, ಮನಸ್ಸಿನ ಬೇಗುದಿ, ತನ್ನ ಸುರಕ್ಷತೆ, ಇತರರ ಸುರಕ್ಷತೆ, ಮದ್ಯ, ಮಾದಕ ವಸ್ತು, ಸ್ನೇಹ-ಸಂಗ, ಆಪ್ತ ಸಂಬಂಧ, ಲೈಂಗಿಕ ಜೀವನ, ಮಕ್ಕಳ ಪಾಲನೆ, ಓದು-ಲೆಕ್ಕದ ತಿಳಿವಳಿಕೆ, ಫೋನು, ಓಡಾಟ, ಹಣದ ನಿರ್ವಹಣೆ, ಸರ್ಕಾರಿ ಸೌಲಭ್ಯ. ಈ ಪಟ್ಟಿಯನ್ನು ಪೂರ್ತಿಯಾಗಿ ಬರೆದದ್ದಕ್ಕೆ ಕಾರಣವಿದೆ: ಹೊರರೋಗಿ ವಿಭಾಗದಲ್ಲಿ ಕೇಳುವ ಪ್ರಶ್ನೆಗಳು ಇದರಲ್ಲಿ ಎಷ್ಟು ಸಣ್ಣ ಮೂಲೆಯನ್ನು ಮುಟ್ಟುತ್ತವೆ ಎಂಬುದು ಪಟ್ಟಿ ಕಣ್ಣ ಮುಂದಿದ್ದರೆ ಮಾತ್ರ ತಿಳಿಯುತ್ತದೆ. ಪ್ರತಿ ಕ್ಷೇತ್ರಕ್ಕೂ ಮೂರೇ ಅಂಕ. ತೊಂದರೆಯೇ ಇಲ್ಲದಿದ್ದರೆ ಸೊನ್ನೆ, ಸಹಾಯ ಸಿಗುತ್ತಿರುವುದರಿಂದ ದೊಡ್ಡ ತೊಂದರೆ ಇಲ್ಲದಿದ್ದರೆ ಒಂದು, ಸಹಾಯ ಇದ್ದರೂ ಇಲ್ಲದಿದ್ದರೂ ಗಂಭೀರ ತೊಂದರೆ ಉಳಿದಿದ್ದರೆ ಎರಡು. ಒಂದು ಎಂದರೆ ಪೂರೈಕೆಯಾದ ಅಗತ್ಯ, ಎರಡು ಎಂದರೆ ಪೂರೈಕೆಯಾಗದ ಅಗತ್ಯ.

ನೋಡಲು ಸರಳವಾದ ಈ ಅಂಕಗಳ ಹಿಂದೆ ಒಂದು ಮುಖ್ಯ ನಿಲುವಿದೆ. ಕಾಯಿಲೆ ಇರುವ ವ್ಯಕ್ತಿಯ ಉತ್ತರವನ್ನೂ ಸಿಬ್ಬಂದಿಯ ಅಭಿಪ್ರಾಯವನ್ನೂ ಬೇರೆ ಬೇರೆ ಕಂಬಸಾಲುಗಳಲ್ಲಿ ಬರೆಯಬೇಕು, ಎರಡನ್ನೂ ಕಲಸಿ ಒಂದು ಮಾಡಬಾರದು. ಈ ಎರಡೂ ಆಗಾಗ ತಾಳೆಯಾಗುವುದಿಲ್ಲ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಷ್ಟೇ ಅಲ್ಲ, ವ್ಯಕ್ತಿಯ ಜೀವನದ ಗುಣಮಟ್ಟಕ್ಕೆ ಹೆಚ್ಚು ಹತ್ತಿರದ ನಂಟಿರುವುದು ಸಿಬ್ಬಂದಿ ಗುರುತಿಸಿದ ಕೊರತೆಗಳಿಗಲ್ಲ, ವ್ಯಕ್ತಿಯೇ ಹೇಳಿದ, ಪೂರೈಕೆಯಾಗದ ಅಗತ್ಯಗಳಿಗೆ. ನಮ್ಮಲ್ಲಿ ಮೂರನೆಯ ಕಂಬಸಾಲೊಂದು ತಾನಾಗಿಯೇ ಮುಂದೆ ಬಂದು ಕುಳಿತುಕೊಳ್ಳುತ್ತದೆ, ಅದು ಮನೆಯವರದ್ದು. “ಅವನಿಗೆ ಎಂತದೂ ಬೇಡ ಮೇಡಂ, ಊಟ ಬಡಿಸಿದ್ರೆ ಉಣ್ತಾನೆ, ಮಾತ್ರೆ ಕೊಟ್ರೆ ನುಂಗ್ತಾನೆ, ಯಾರಿಗೂ ಉಪದ್ರ ಇಲ್ಲ” ಎಂದು ತಾಯಿ ಹೇಳುವಾಗ ಮಗ ಚಾವಡಿಯ ಮೂಲೆಯಲ್ಲಿ ನೆಲ ನೋಡುತ್ತಾ ಕುಳಿತಿರುತ್ತಾನೆ. ತಾಯಿ ಚಹಾಕ್ಕೆಂದು ಒಳಗೆ ಹೋದ ಮೇಲೆ, ಕನ್ನಡ ಬಿಟ್ಟು ತುಳುವಿನಲ್ಲಿ ನಿಧಾನವಾಗಿ ಕೇಳಿದರೆ, ಒಬ್ಬನೇ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಬರಬೇಕು, ಕೈಯಲ್ಲಿ ಸ್ವಲ್ಪ ದುಡ್ಡಿರಬೇಕು, ಮೊದಲು ಜೊತೆಗೆ ವಾಲಿಬಾಲ್ ಆಡುತ್ತಿದ್ದವರು ಒಮ್ಮೆ ಮಾತಾಡಿಸಬೇಕು ಎಂಬ ಉತ್ತರ ಬರುತ್ತದೆ. ಓಡಾಟ, ಹಣ, ಸಂಗ: 22ರಲ್ಲಿ ಮೂರು ಕ್ಷೇತ್ರಗಳು. ತಾಯಿಯ ಕಂಬಸಾಲಿನಲ್ಲಿ ಈ ಮೂರಕ್ಕೂ ಸೊನ್ನೆ.

ತಾಯಿ ಸುಳ್ಳು ಹೇಳುತ್ತಿಲ್ಲ. ಕಾಯಿಲೆ ಜೋರಾಗಿದ್ದ ದಿನಗಳಲ್ಲಿ ಆಕೆ ಕಂಡದ್ದನ್ನು ಹೋಲಿಸಿದರೆ ಈಗಿನದು ನೆಮ್ಮದಿಯೇ. ಆದರೆ ಉಪದ್ರ ಕೊಡದಿರುವುದನ್ನೇ ಆರೋಗ್ಯ ಎಂದು ಒಪ್ಪಿಕೊಂಡುಬಿಟ್ಟರೆ, ಈ ಕಾಯಿಲೆಯ ಅತಿ ಹಟಮಾರಿ ಭಾಗ ಲೆಕ್ಕದಿಂದಲೇ ಹೊರಗೆ ಉಳಿಯುತ್ತದೆ. ಭ್ರಮೆಗಳ ಮೇಲೆ, ಕೇಳಿಸುವ ಧ್ವನಿಗಳ ಮೇಲೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ; ಉತ್ಸಾಹ ಬತ್ತುವುದು, ಮಾತು ಕುಗ್ಗುವುದು, ಮುಖದಲ್ಲಿ ಭಾವ ಕಾಣದಿರುವುದು, ಗಮನ ನಿಲ್ಲದಿರುವುದು ಇವುಗಳ ಮೇಲೆ ಅದರ ಪ್ರಭಾವ ಬಹಳ ಕಡಿಮೆ. ಕೂಗಾಡುವವರಿಗೆ ಇಡೀ ಬೀದಿ ಸೇರಿ ಆಸ್ಪತ್ರೆಯ ದಾರಿ ಹುಡುಕುತ್ತದೆ, ಮೂಲೆ ಹಿಡಿದು ಕುಳಿತವರನ್ನು ಯಾರೂ ಮೌಲ್ಯಮಾಪನಕ್ಕೆ ಕರೆತರುವುದಿಲ್ಲ. ಹೆಂಗಸರ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಗಂಡನ ಮನೆಯಿಂದ ತವರಿಗೆ ಬಂದು ಉಳಿದ ಮಗಳು ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಕೊಡುತ್ತಿದ್ದರೆ ಆಕೆ ‘ಈಗ ಸರಿ ಇದ್ದಾಳೆ’. ಗಂಡನ ಮನೆಯಲ್ಲಿಯೇ ಉಳಿದ ಮಗುವನ್ನು ನೋಡಬೇಕೆಂದು ಆಕೆಗೆ ಅನ್ನಿಸುತ್ತದೆಯೇ ಎಂದು ಕೇಳಲು ಮಕ್ಕಳ ಪಾಲನೆ ಎಂಬ ಕ್ಷೇತ್ರ ಪಟ್ಟಿಯಲ್ಲಿದೆ; ಅದನ್ನು ‘ಅನ್ವಯಿಸುವುದಿಲ್ಲ’ ಎಂದು ಗೀಚಿ ಮುಂದೆ ಹೋಗುವುದು ಸುಲಭ. ಆಪ್ತ ಸಂಬಂಧ ಮತ್ತು ಲೈಂಗಿಕ ಜೀವನದ ಪ್ರಶ್ನೆಗಳನ್ನಂತೂ, ನಾನು ಕಂಡ ಮಟ್ಟಿಗೆ, ಕೇಳದೆಯೇ ಸೊನ್ನೆ ತುಂಬುವುದು ವಾಡಿಕೆ. ಔಷಧಿಯಿಂದ ಲೈಂಗಿಕ ಆಸಕ್ತಿ ಕುಗ್ಗಬಹುದು, ಮುಟ್ಟು ಏರುಪೇರಾಗಬಹುದು, ಕೆಲವರು ಅದೇ ಕಾರಣಕ್ಕೆ ಮಾತ್ರೆ ಬಿಡುತ್ತಾರೆ ಎಂಬುದು ಗೊತ್ತಿದ್ದೂ ಈ ಸಂಕೋಚ ಮುಂದುವರಿದಿದೆ.

ನನ್ನ ಮುಖ್ಯ ತಕರಾರು ಇರುವುದು ‘ಒಂದು’ ಎಂಬ ಅಂಕದ ಮೇಲೆ. ಊಟ: ಒಂದು. ಬಟ್ಟೆ, ಸ್ನಾನ: ಒಂದು. ಮಾತ್ರೆಯಿಂದ ಹತೋಟಿಯಲ್ಲಿರುವ ಮಾನಸಿಕ ಲಕ್ಷಣಗಳು: ಒಂದು. ಹಣ: ಒಂದು. ವಸತಿ: ಒಂದು. ಹಾಳೆಯನ್ನು ನೋಡಿದವರಿಗೆ ಈ ವ್ಯಕ್ತಿಯ ಬಹುಪಾಲು ಅಗತ್ಯಗಳು ಪೂರೈಕೆಯಾಗಿವೆ ಎನಿಸುತ್ತದೆ, ಸೇವೆಯ ಆದ್ಯತಾ ಪಟ್ಟಿಯಲ್ಲಿ ಅವರ ಹೆಸರು ಕೆಳಕ್ಕೆ ಜಾರುತ್ತದೆ. ಮನೆಗೆ ಹೋಗಿ ನೋಡಿದರೆ ಆ ಐದೂ ‘ಒಂದು’ಗಳು ಎಪ್ಪತ್ತು ದಾಟಿದ, ಮೊಣಕಾಲು ನೋವಿನ, ತಾನೇ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ಒಬ್ಬಳೇ ತಾಯಿಯ ಮೇಲೆ ನಿಂತಿರುತ್ತವೆ. ಒಂದೇ ಕಂಬದ ಮೇಲೆ ನಿಂತ ಮಾಡಿನ ಹಾಗೆ. ಆಕೆ ಬಿದ್ದು ಸೊಂಟ ಮುರಿದುಕೊಂಡರೆ ಅದೇ ವಾರದಲ್ಲಿ ಐದು ಕ್ಷೇತ್ರಗಳು ಒಟ್ಟಿಗೇ ‘ಎರಡು’ ಆಗುತ್ತವೆ, ಹದಿನೈದು ದಿನಗಳಲ್ಲಿ ಮಾತ್ರೆ ನಿಂತಿರುತ್ತದೆ, ತಿಂಗಳೊಳಗೆ ಆ ವ್ಯಕ್ತಿಯನ್ನು ನೆರೆಯವರು ಆಸ್ಪತ್ರೆಗೆ ಕರೆತರುತ್ತಾರೆ. ಫೈಲಿನಲ್ಲಿ ಅದನ್ನು ‘ಮರುಕಳಿಕೆ, ಕಾರಣ: ಔಷಧಿ ಸೇವಿಸದಿರುವುದು’ ಎಂದು ಬರೆಯಲಾಗುತ್ತದೆ.

ಕರಾವಳಿಯಲ್ಲಿ ಈ ಪರಿಸ್ಥಿತಿಗೆ ತನ್ನದೇ ಆದ ಕಾರಣಗಳಿವೆ. ಇಲ್ಲಿನ ಮನೆಗಳ ಮಕ್ಕಳು ಮುಂಬಯಿಗೆ ಹೋದದ್ದು ತಲೆಮಾರುಗಳ ಹಿಂದೆ, ಕೊಲ್ಲಿ ದೇಶಗಳಿಗೆ ಹೋದದ್ದು ಆಮೇಲೆ, ಬೆಂಗಳೂರಿಗೆ ಹೋಗುತ್ತಿರುವುದು ಈಗ. ಊರಿನ ಮನೆಯಲ್ಲಿ ಉಳಿದಿರುವವರು ವಯಸ್ಸಾದ ತಂದೆ-ತಾಯಿ ಮತ್ತು ಕೆಲಸಕ್ಕೆಂದು ಹೊರಗೆ ಹೋಗಲಾಗದ ಆ ಒಬ್ಬ ಮಗ ಅಥವಾ ಮಗಳು. ಹಣ ತಿಂಗಳಿಗೆ ಸರಿಯಾಗಿ ಬರುತ್ತದೆ, ಆದ್ದರಿಂದ ಮನೆ ಚೆನ್ನಾಗಿಯೇ ಕಾಣುತ್ತದೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಕುಟುಂಬಗಳಲ್ಲಿ ಹಿಂದೆ ಅಕ್ಕ-ತಂಗಿಯರೂ ಅವರ ಮಕ್ಕಳೂ ಒಂದೇ ಮನೆಯಲ್ಲಿದ್ದಾಗ ಹೀಗೆ ಕುಗ್ಗಿದ ಮಾವನೊಬ್ಬನಿಗೆ ಒಂದು ಕೋಣೆ, ಒಂದು ಬಟ್ಟಲು ಗಂಜಿ, ದನ ಬಿಡುವಂಥ ಒಂದು ಚಿಕ್ಕ ಕೆಲಸ ಹೇಗೋ ಒದಗುತ್ತಿತ್ತು. ಅದು ಗೌರವದ ಬದುಕೇ ಆಗಿತ್ತೆಂದು ನಾನು ಹೇಳಲಾರೆ. ಹಳೆಯದನ್ನು ಚಿನ್ನವಾಗಿಸುವ ಅಭ್ಯಾಸ ನನಗಿಲ್ಲ. ಕೈಗಳು ಹೆಚ್ಚಿದ್ದವು, ಅಷ್ಟೇ. ಈಗ ಪಾಲಾಗಿ, ಕುಟುಂಬದ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಗಳ ತಂಬಿಲಕ್ಕೋ ನೇಮಕ್ಕೋ ಸೇರುವಾಗ ಮಾತ್ರ ಆ ಕೈಗಳೆಲ್ಲ ಒಟ್ಟಿಗೆ ಕಾಣಿಸುತ್ತವೆ.

ಪೂರ್ಣ ಕ್ಯಾಂಬರ್‌ವೆಲ್ ಮಾಪನಕ್ಕೆ ಇದು ತಿಳಿಯದ ವಿಷಯವೇನಲ್ಲ. ಅಗತ್ಯ ಇದೆಯೇ ಎಂದು ಕೇಳಿದ ನಂತರ, ಸ್ನೇಹಿತರಿಂದ ಮತ್ತು ಬಂಧುಗಳಿಂದ ಎಷ್ಟು ಸಹಾಯ ಸಿಗುತ್ತಿದೆ, ಸೇವಾ ಸಂಸ್ಥೆಗಳಿಂದ ಎಷ್ಟು ಸಿಗುತ್ತಿದೆ, ನಿಜಕ್ಕೂ ಎಷ್ಟು ಬೇಕು ಎಂದು ಪ್ರತ್ಯೇಕವಾಗಿ ಕೇಳುವ ಭಾಗಗಳು ಅದರಲ್ಲಿವೆ. ಆದರೆ ಸಮಯದ ಅಭಾವದಿಂದ ಎಲ್ಲೆಡೆ ಬಳಕೆಗೆ ಬಂದದ್ದು ಮೊದಲ ಭಾಗವನ್ನಷ್ಟೇ ಉಳಿಸಿಕೊಂಡ ಸಂಕ್ಷಿಪ್ತ ರೂಪ. ಸರ್ಕಾರದ ಸೇವೆಗಳೇ ಬಹುಪಾಲು ಆರೈಕೆ ಕೊಡುವ ದೇಶಕ್ಕೆ ಆ ಸಂಕ್ಷೇಪ ಸಾಕಾದೀತು. ಬಹುಪಾಲು ಆರೈಕೆಯನ್ನು ಮನೆಯೇ ಕೊಡುವ ನಮ್ಮ ಜಿಲ್ಲೆಗಳಲ್ಲಿ ಕೈಬಿಟ್ಟ ಆ ಭಾಗವೇ ಅತಿ ಮುಖ್ಯವಾದದ್ದು. ಅದಕ್ಕಾಗಿ ನಾನು ಪ್ರತಿ ‘ಒಂದು’ರ ಪಕ್ಕದಲ್ಲಿ ಮೂರು ವಿವರಗಳನ್ನು ಕೈಬರಹದಲ್ಲಿಯೇ ಸೇರಿಸುತ್ತೇನೆ: ಯಾರು ಮಾಡುತ್ತಾರೆ, ಅವರ ವಯಸ್ಸು ಮತ್ತು ಆರೋಗ್ಯ ಹೇಗಿದೆ, ಅವರು ಒಂದು ವಾರ ಇಲ್ಲದಿದ್ದರೆ ಯಾರು ಮಾಡುತ್ತಾರೆ. ಮೂರನೆಯ ಪ್ರಶ್ನೆಗೆ ಮನೆಯವರು ಕೊಡುವ ಉತ್ತರಕ್ಕಿಂತ ಅವರ ನಡುವೆ ಹುಟ್ಟುವ ಮೌನ ಹೆಚ್ಚು ಹೇಳುತ್ತದೆ.

ಆರೈಕೆ ಮಾಡುವವರ ಹೊರೆಯನ್ನು ಅಳೆಯಲು ಚೆನ್ನೈನ ಸ್ಕಿಜೋಫ್ರೇನಿಯಾ ಸಂಶೋಧನಾ ಸಂಸ್ಥೆ ‘ಸ್ಕಾರ್ಫ್’ 1998ರಲ್ಲಿ ಪ್ರಕಟಿಸಿದ 40 ಪ್ರಶ್ನೆಗಳ ಮಾಪನ ನಮ್ಮಲ್ಲಿದೆ. ಅದನ್ನು ತುಂಬಿಸುವಾಗ ತಾಯಿಯೊಬ್ಬಳು ಮೊದಲ ಬಾರಿಗೆ ತನ್ನ ಬಗ್ಗೆ ಯಾರೋ ಕೇಳಿದರೆಂದು ಅತ್ತದ್ದುಂಟು. ಮಗನ ಫೈಲಿನಲ್ಲಿ ತಾಯಿಯ ರಕ್ತದೊತ್ತಡ ಬರೆಯಲು ಜಾಗವಿಲ್ಲ ಎಂಬುದು ಸಣ್ಣ ಸಂಗತಿಯಂತೆ ಕಾಣಬಹುದು, ನನಗೆ ಹಾಗೆ ಕಾಣುವುದಿಲ್ಲ.

ದೈಹಿಕ ಆರೋಗ್ಯದ ಕ್ಷೇತ್ರದಲ್ಲಿ ಸ್ವಲ್ಪ ನಿಲ್ಲಬೇಕು. ಸ್ಕಿಜೋಫ್ರೇನಿಯಾ ಇರುವವರ ಆಯುಷ್ಯ ಉಳಿದವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಕಡಿಮೆ ಎಂದು ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳು ಹೇಳುತ್ತವೆ, ಆ ಸಾವುಗಳ ದೊಡ್ಡ ಪಾಲು ಆತ್ಮಹತ್ಯೆಯದ್ದಲ್ಲ, ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಂಥ ದೈಹಿಕ ಕಾರಣಗಳದ್ದು. ಒಲಾಂಜಪೈನ್, ಕ್ಲೋಜಪೈನ್ ಮೊದಲಾದ ಔಷಧಿಗಳಿಂದ ತೂಕವೂ ರಕ್ತದ ಸಕ್ಕರೆಯೂ ಏರಬಹುದು. ಜೊತೆಗೆ ದಿನವಿಡೀ ಕುಳಿತಿರುವುದು, ಬೀಡಿ ಸೇದುವುದು, ಮೂರು ಹೊತ್ತೂ ಕುಚ್ಚಲಕ್ಕಿ ಅನ್ನ. ಕ್ಲೋಜಪೈನ್ ಆರಂಭಿಸಿದವರಿಗೆ ಮೊದಲ 18 ವಾರಗಳು ವಾರಕ್ಕೊಮ್ಮೆ ರಕ್ತದ ಬಿಳಿಕಣಗಳ ಎಣಿಕೆ ಮಾಡಿಸುವುದು ರೂಢಿ. ಮಳೆಗಾಲದಲ್ಲಿ ಬೈಂದೂರಿನ ಒಳಭಾಗದಿಂದಲೋ ಬೆಳ್ತಂಗಡಿಯ ಘಟ್ಟದ ಬುಡದಿಂದಲೋ ವಾರಕ್ಕೊಮ್ಮೆ ಬರಲು ಯಾರು ಕರೆತರುತ್ತಾರೆ ಎಂದು ಕೇಳದೆ ಆ ಔಷಧಿಯನ್ನು ಯೋಜಿಸುವುದು ಅರ್ಧ ಯೋಜನೆ. ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸ್ ಕೈಯಲ್ಲಿದ್ದರೂ ಊರಿನ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು ಮಾತ್ರವಾಗಿದ್ದರೆ ಓಡಾಟದ ಅಗತ್ಯ ಹಾಗೆಯೇ ಉಳಿಯುತ್ತದೆ. ಹೊಟ್ಟೆಯ ಸುತ್ತಳತೆ ನೋಡಲು ಒಂದು ಟೇಪು ಸಾಕು. ಆ ಟೇಪು ಬಹಳ ಕಡೆ ಇರುವುದಿಲ್ಲ.

ಕೆಲಸದ ಬಗ್ಗೆ ಕೇಳುವಾಗ ಇಲ್ಲಿನ ಕೆಲಸಗಳ ಒಳಗು ಗೊತ್ತಿರಬೇಕು. ಬೀಡಿ ಕಟ್ಟುವ ಹೆಂಗಸನ್ನು ‘ಕೆಲಸ ಮಾಡುತ್ತೀರಾ’ ಎಂದು ಕೇಳಿದರೆ ‘ಹೌದು’ ಎನ್ನುತ್ತಾಳೆ. ಮೊದಲು ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತಿದ್ದಳು, ಈಗ ಎಷ್ಟು, ಎಲೆ ಕತ್ತರಿಸುವುದನ್ನು ಯಾರು ಮಾಡಿಕೊಡುತ್ತಾರೆ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ತಿರಸ್ಕಾರವಾಗುವುದೆಷ್ಟು, ಮಜೂರಿಯ ಹಣ ಯಾರ ಕೈಗೆ ಹೋಗುತ್ತದೆ ಎಂದು ಕೇಳಿದಾಗ ಮಾತ್ರ ಗಮನದ ತೊಂದರೆಯೂ ಹಣದ ಮೇಲಿನ ಹಿಡಿತವೂ ತಿಳಿಯುತ್ತವೆ. ಮಲ್ಪೆಯಲ್ಲಿ ಬಲೆ ಹೆಣೆಯುವವರಿಗೆ, ಗೇರುಬೀಜದ ಕಾರ್ಖಾನೆಗೆ ಹೋಗುವವರಿಗೆ ಪ್ರಶ್ನೆಗಳು ಬೇರೆ. ದುಡಿಮೆಯ ಸಾಮರ್ಥ್ಯ ಒಂದಿಷ್ಟಾದರೂ ಉಳಿದವರಿಗೆ, ಜಿಲ್ಲಾ ಕೇಂದ್ರದ ಪುನರ್ವಸತಿ ಘಟಕದಲ್ಲಿ ಮೇಣದಬತ್ತಿ, ಕಾಗದದ ಚೀಲ ಮಾಡುವುದನ್ನು ಕಲಿಸುವುದಕ್ಕಿಂತ ಊರಿನಲ್ಲಿರುವ ಕೆಲಸಕ್ಕೇ ಮರಳಲು ನೆರವಾಗುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ.

ದೈವದರ್ಶನ, ದೈವ ಮೈಮೇಲೆ ಬರುವ ಪಾತ್ರಿಯ ನುಡಿ, ದರ್ಗಾ, ಪ್ರಾರ್ಥನಾ ಕೂಟ ಇವನ್ನೂ ಕೇಳಿ ಬರೆದುಕೊಳ್ಳುತ್ತೇನೆ, ತೀರ್ಪು ಕೊಡುವುದಿಲ್ಲ. ಮಾತ್ರೆಯ ಜೊತೆಗೆ ಹರಕೆಯೂ ಇದ್ದರೆ ಹಾನಿಯಿಲ್ಲ, ಮಾತ್ರೆಗೆ ಬದಲಾಗಿ ಇದ್ದರೆ ಮಾತಾಡಬೇಕು.

ಔಷಧಿಯ ಮಹತ್ವವನ್ನು ನಾನು ಕಿರಿದು ಮಾಡುತ್ತಿಲ್ಲ. ಆಗುಂಬೆ ಘಟ್ಟ ಹತ್ತಿದರೆ ಸಿಗುವ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ವೈದ್ಯರು ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿಗಳಲ್ಲಿ ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದವರ ವೈಕಲ್ಯ ಪಡೆಯದವರದ್ದಕ್ಕಿಂತ ಸ್ಪಷ್ಟವಾಗಿ ಕಡಿಮೆಯಾಯಿತು. ಕಾಂಚೀಪುರಂ, ಗೋವಾ ಮತ್ತು ಸಾತಾರಾದಲ್ಲಿ ನಡೆದು 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಾದ ಸ್ಥಳೀಯ ಕಾರ್ಯಕರ್ತರು ಮನೆಗೇ ಹೋಗಿ ಅಗತ್ಯಗಳನ್ನು ವಿಚಾರಿಸಿ ಆರೈಕೆ ಕೊಟ್ಟಾಗ, ಆಸ್ಪತ್ರೆಯ ಆರೈಕೆ ಮಾತ್ರ ಸಿಕ್ಕವರಿಗಿಂತ ಫಲಿತಾಂಶ ಸ್ವಲ್ಪ ಉತ್ತಮವಾಗಿತ್ತು. ಲಾಭ ದೊಡ್ಡದಲ್ಲ, ಹಳ್ಳಿಗಾಡಿನ ಕಾಂಚೀಪುರಂನಲ್ಲಿ ಹೆಚ್ಚು ಕಂಡಿತು. ಸೇವೆಗಳು ವಿರಳವಾಗಿರುವಲ್ಲಿ ಮನೆಭೇಟಿಯ ಬೆಲೆ ಜಾಸ್ತಿ ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ.

ಸರ್ಕಾರಿ ಸೌಲಭ್ಯ ಎಂಬ ಕೊನೆಯ ಕ್ಷೇತ್ರದಲ್ಲಿ ವಿಚಿತ್ರವಾದ ತೊಡಕೊಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇಕಡಾ 40ರಷ್ಟು ವೈಕಲ್ಯ ದೃಢಪಟ್ಟರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಆದರೆ ತಾಯಿಯ ಆರೈಕೆಯಿಂದಾಗಿ ಮಗ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವೈಕಲ್ಯದ ಪ್ರಮಾಣ ನಿರ್ಧರಿಸುವ ವೈದ್ಯಕೀಯ ಮಂಡಳಿಯ ಮುಂದೆ ಕುಳಿತು ಹೆಸರು, ಊರು ಹೇಳಿದರೆ ಅಂಕ ಇಳಿಯುವ ಭಯವಿದೆ. ಆ ದಿನ ಗಡ್ಡ ಬೋಳಿಸದೆ ಕರೆತರುವ ಮನೆಯವರನ್ನು ನಾನು ಕಂಡಿದ್ದೇನೆ, ಅವರನ್ನು ದೂರುವ ಮನಸ್ಸಾಗುವುದಿಲ್ಲ. ಅಂಗಿಯನ್ನು ಇಸ್ತ್ರಿ ಮಾಡಿದವರು ಯಾರು ಎಂದು ಮೌಲ್ಯಮಾಪನದ ಹಾಳೆಯಲ್ಲಿ ಬರೆದಿದ್ದರೆ, ಆ ಹಾಳೆಯನ್ನು ಮಂಡಳಿಯ ಮುಂದೆ ಇಟ್ಟಿದ್ದರೆ, ಈ ನಾಟಕ ಬೇಕಾಗುತ್ತಿರಲಿಲ್ಲ.

‘ನನ್ನ ನಂತರ ಯಾರು’ ಎಂಬ ಪ್ರಶ್ನೆ ಪಟ್ಟಿಯ 22ರಲ್ಲಿ ಎಲ್ಲಿಯೂ ಇಲ್ಲ, ಪ್ರತಿ ಮನೆಯಲ್ಲೂ ಅದೇ ಮೊದಲನೆಯದು. ಬುದ್ಧಿಮಾಂದ್ಯತೆ, ಆಟಿಸಂ ಇರುವವರ ಪೋಷಕರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕರನ್ನು ನೇಮಿಸಿಕೊಳ್ಳುವ ದಾರಿಯಿದೆ, ಸ್ಕಿಜೋಫ್ರೇನಿಯಾ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಇವರಿಗೆ ಇರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮುಂದೆ ಕಾಯಿಲೆ ಜೋರಾದಾಗ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಮೊದಲೇ ಬರೆದಿಡಲು 5ನೆಯ ಕಲಮು ಅವಕಾಶ ಕೊಡುತ್ತದೆ. ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ತಾನೇ ಹೆಸರಿಸಲು 14ನೆಯ ಕಲಮು. ಮನೆಯವರಿಲ್ಲ ಅಥವಾ ಮನೆಯವರು ಒಪ್ಪುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು, ಮನೆಗೂ ಆಸ್ಪತ್ರೆಗೂ ನಡುವಿನ ವಸತಿಗಳನ್ನು ಸರ್ಕಾರ ಒದಗಿಸಬೇಕು ಎಂದು 19ನೆಯ ಕಲಮು ಹೇಳುತ್ತದೆ. ಆ ವಸತಿಗಳು ಬೇಡಿಕೆಗೆ ತಕ್ಕಷ್ಟಿಲ್ಲ. ಆದರೆ ಪ್ರತಿನಿಧಿಯ ಹೆಸರು ಬರೆಸಲು ಕಟ್ಟಡ ಬೇಕಾಗಿಲ್ಲ, ಒಂದು ಹಾಳೆ ಸಾಕು. ವ್ಯಕ್ತಿ ಸ್ಥಿಮಿತದಲ್ಲಿರುವಾಗ, ತಾಯಿ ಇನ್ನೂ ಗಟ್ಟಿಯಾಗಿರುವಾಗ, ಮುಂಬಯಿಯ ಅಕ್ಕ ಊರಿಗೆ ಬಂದಿರುವಾಗ ಅದನ್ನು ಮಾಡಬೇಕು. ಅಕ್ಕನ ಹೆಸರನ್ನೇ ಬರೆಯುತ್ತಾನೆಂದು ಮನೆಯವರು ಎಣಿಸಿರುತ್ತಾರೆ. ದಿನಾ ಸಂಜೆ ಒಂದು ಚಹಾ ಕೊಟ್ಟು ಎರಡು ಮಾತಾಡುವ ಪಕ್ಕದ ಅಂಗಡಿಯವರ ಹೆಸರನ್ನು ಅವನು ಹೇಳಬಹುದು, ಕಾನೂನು ಅದಕ್ಕೂ ಒಪ್ಪುತ್ತದೆ.

ಎರಡೂ ಜಿಲ್ಲೆಗಳಲ್ಲಿ ವೈದ್ಯರಿಗೆ, ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ದೂರದಲ್ಲಿರುವವರು ಕರೆ ಮಾಡಲು 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯೂ ಇದೆ. ಕೊರತೆ ಇರುವುದು ಒಂದು ಮಧ್ಯಾಹ್ನ ಚಾವಡಿಯಲ್ಲಿ ಕುಳಿತು ಈ ಹಾಳೆಯನ್ನು ತುಂಬುವವರದ್ದು. ಆಶಾ ಕಾರ್ಯಕರ್ತೆಯರ ಮೇಲೆ ಇದನ್ನೂ ಹೊರಿಸಬಹುದೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಅವರಿಗೆ ಮನೆ ಗೊತ್ತು, ತುಳು ಗೊತ್ತು, ಮನೆಯಲ್ಲಿ ಯಾರಿಗೆ ಯಾರೊಂದಿಗೆ ಮಾತಿಲ್ಲ ಎಂಬುದೂ ಗೊತ್ತು. ಆದರೆ ಈಗಿರುವ ಕೆಲಸಗಳ ಜೊತೆಗೆ ಪ್ರತ್ಯೇಕ ತರಬೇತಿಯೂ ಪ್ರತ್ಯೇಕ ಸಂಭಾವನೆಯೂ ಇಲ್ಲದೆ ಕೊಟ್ಟರೆ ಆಗುವುದು ಇಷ್ಟೇ: 22 ಸೊನ್ನೆಗಳ ಹಾಳೆಯೊಂದು ತಾಲ್ಲೂಕು ಕಚೇರಿಗೆ ಸಕಾಲದಲ್ಲಿ ತಲುಪುತ್ತದೆ. ವರ್ಷಕ್ಕೊಮ್ಮೆ ಎಲ್ಲರ ಹಾಳೆಯನ್ನು ತರಾತುರಿಯಲ್ಲಿ ತುಂಬುವುದಕ್ಕಿಂತ, ಆರೈಕೆ ಮಾಡುವವರ ವಯಸ್ಸು 65 ದಾಟಿದ ಮನೆಗಳನ್ನು ಮೊದಲು ಆರಿಸಿಕೊಂಡು ಅಲ್ಲಿಂದ ಆರಂಭಿಸುವುದು ಒಂದು ತಾಲ್ಲೂಕಿನ ಮಟ್ಟಿಗಾದರೂ ಸಾಧ್ಯವಿರುವ ಕೆಲಸ. ಆ ಪಟ್ಟಿ ಮಾಡಲು ಬೇಕಾದ ವಯಸ್ಸಿನ ವಿವರ ಪಡಿತರ ಚೀಟಿಯಲ್ಲಿಯೇ ಇದೆ.